ನಲ್ಲಿಗೆ ಕಟ್ಟಿದ ತಂತಿ

ಇದ್ದಿಲಿಗೆ ವಾಸನೆ ಇರುವುದಿಲ್ಲ ಎಂದು ನಾನು ಬಹಳ ವರ್ಷ ತಿಳಿದಿದ್ದೆ. ಒಣಗಿದ್ದಾಗ ಇರುವುದಿಲ್ಲ, ನಿಜ. ಆದರೆ ಆಗಷ್ಟೇ ತೋಡಿದ ಕುಣಿಯಲ್ಲಿ ಇದ್ದಿಲು, ಅದರ ಮೇಲೆ ಎರಡು ಬೊಗಸೆ ದಪ್ಪ ಉಪ್ಪು ಹಾಕಿ ಒಂದು ಕೊಡ ನೀರು ಹೊಯ್ದರೆ, ಆರಿಸಿದ ಒಲೆಯ ಮೇಲೆ ಮಳೆ ಬಿದ್ದಂಥ ಒಂದು ವಾಸನೆ ಏಳುತ್ತದೆ. ಹೋದ ತಿಂಗಳು ಹುಣಸಗಿಯಲ್ಲಿ, ನನ್ನ ಯಜಮಾನರ ಸೋದರತ್ತೆಯ ಮಗನ ಮನೆ ಪ್ರವೇಶದ ದಿನ, ಆ ವಾಸನೆ ಬಂದು ನಾನು ಕುಂಕುಮದ ತಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟೆ.

ಅಂಗಳದಲ್ಲಿ ಇಬ್ಬರು ಬಾಡಿಗೆಯ ಜನರೇಟರ್ ಇಳಿಸಿ, ಅದಕ್ಕೆ ಅರ್ಥಿಂಗ್ ಕೊಡಲು ಕುಣಿ ತುಂಬುತ್ತಿದ್ದರು. ನಡುವೆ ಒಂದು ಕಬ್ಬಿಣದ ಸರಳು, ಅದರ ತಲೆಗೆ ಹಸಿರು ತಂತಿ.

"ಇನ್ನೊಂದು ಕೊಡ ಹಾಕೋ. ನಲ್ಲಿ ಮಾಮು ಏನಂತಾನ? ನೆಲ ನೀರು ಕುಡದಷ್ಟ ಕರೆಂಟ್ ಕುಡಿತದ ಅಂತಾನ" ಎಂದ ಅವರಲ್ಲೊಬ್ಬ.

"ನಲ್ಲಿ ಮಾಮು ಅಂದ್ರ ಯಾರ್ರಿ?" ಎಂದು ಕೇಳಿದೆ. ನನ್ನ ಧ್ವನಿ ನನಗೇ ಬೇರೆ ಯಾರದೋ ಎನ್ನಿಸಿತು.

"ಬಸ್‌ಸ್ಟ್ಯಾಂಡ್ ಹಿಂದ ಮೋಟರ್ ವೈಂಡಿಂಗ್ ಮಾಡ್ತಾನಲ್ರಿ, ಮಹಬೂಬ್ ಸಾಬ್. ಶಹಾಪುರದಾಂವ. ಮೊದಲ ನಲ್ಲಿ ರಿಪೇರಿ ಮಾಡ್ತಿದ್ದ ಅಂತ ಕಾಣ್ತದ, ಅದಕ್ಕ ಹಂಗಂತಾರ."

ಮಹಬೂಬ ಮಾಮು ತಮ್ಮ ಜೀವನದಲ್ಲಿ ಒಂದು ನಲ್ಲಿಯನ್ನೂ ರಿಪೇರಿ ಮಾಡಿದವರಲ್ಲ. ಆ ಹೆಸರು ಅವರಿಗೆ ಯಾರಿಂದಾಗಿ ಬಂತೆಂದು ಆ ಮನೆಯಲ್ಲಿದ್ದ ಅಷ್ಟು ಜನರಲ್ಲಿ ನನಗೊಬ್ಬಳಿಗೆ ಗೊತ್ತಿತ್ತು.

ಅದು ನಾನು ಶಹಾಪುರಕ್ಕೆ ಸೊಸೆಯಾಗಿ ಬಂದ ಮೇಲಿನ ಐದನೆಯ ಬೇಸಿಗೆ. ನನ್ನ ತವರು ಕಲಬುರಗಿ. ಓದಿದ್ದು ಅಲ್ಲಿನ ಕಾನ್ವೆಂಟಿನಲ್ಲಿ. ಅಲ್ಲಿ ಸಿಸ್ಟರ್‌ಗಳು ನಮಗೆ ಕಲಿಸಿದ ಮೊದಲ ಪಾಠ ಮೆಲ್ಲಗೆ ಮಾತಾಡುವುದು. ಅದು ಎಷ್ಟು ಚೆನ್ನಾಗಿ ರೂಢಿಯಾಗಿತ್ತೆಂದರೆ, ಅತ್ತೆಯವರು ಬಂದವರ ಮುಂದೆ "ನಮ್ಮ ಶೈಲಾನ ಮಾತು ಗ್ವಾಡಿಗಿ ಸುದ್ದ ಕೇಳಿಸೂದಿಲ್ಲ" ಎಂದು ಹೊಗಳುತ್ತಿದ್ದರು. ಮೆಲ್ಲಗೆ ಮಾತಾಡುವವರು ತಪ್ಪು ಹೇಳುವುದಿಲ್ಲ ಎಂದು ಜನ ನಂಬುತ್ತಾರೆ. ನಾನೂ ನಂಬಿದ್ದೆ.

ಆ ವರ್ಷ ಮಳೆಗಿಂತ ಮೊದಲು ಗಾಳಿ ಬಂತು. ಸಗರದ ಕಡೆ ಸಾಲಾಗಿ ಕಂಬಗಳು ಬಿದ್ದವು. ಬೆಳಿಗ್ಗೆ ಹತ್ತಕ್ಕೆ ಹೋದ ಕರೆಂಟು ಅದರ ಮನಸ್ಸಿಗೆ ಬಂದಾಗ ಬರುತ್ತಿತ್ತು. ಕಪಾಟಿನಲ್ಲಿಟ್ಟ ಮೇಣದಬತ್ತಿಗಳು ಸೆಕೆಗೆ ತಾವೇ ಬಾಗಿ ಒಂದನ್ನೊಂದು ತಬ್ಬಿಕೊಂಡಿದ್ದವು. ಫ್ರಿಜ್ಜಿನಲ್ಲಿ ಅತ್ತೆಯವರು ಶಾವಿಗೆಯ ಡಬ್ಬಿಗಳನ್ನು ಇಡತೊಡಗಿದ್ದರು, "ಇಲಿ ಆದ್ರೂ ಬರೂದಿಲ್ಲ" ಎಂದು. ಊರಿನಲ್ಲಿ ಮದುವೆ, ತೊಟ್ಟಿಲು ಏನೇ ಇರಲಿ, ಮೊದಲು ನೆನಪಾಗುತ್ತಿದ್ದವರು ಮಹಬೂಬ ಮಾಮು. ನಾಲ್ಕು ಗಾಲಿಯ ಕೈಬಂಡಿಯ ಮೇಲೆ ಜನರೇಟರ್ ಇಟ್ಟು ತಳ್ಳಿಕೊಂಡು ಬರುತ್ತಿದ್ದರು. ಪಕ್ಕದಲ್ಲಿ ಆಳೆತ್ತರದ ಕಬ್ಬಿಣದ ಸರಳು, ಗುದ್ದಲಿ, ಎರಡು ಮರದ ಹಲಗೆ, ಬಾಯಿ ಕಟ್ಟಿದ ಒಂದು ಗೋಣಿಚೀಲ. ಚೀಲದಲ್ಲಿ ಇದ್ದಿಲು, ಉಪ್ಪು.

ಯಾರ ಮನೆಗೆ ಹೋದರೂ ಅವರು ಕೇಳುವ ಮೊದಲ ಮಾತು ಒಂದೇ: "ಮಣ್ಣು ಎಲ್ಲದ ರಿ?"

"ಮಾಮು, ನೀ ಮದಿವಿಗಿ ಬಂದಿಯೋ ಮಣ್ಣಿಗಿ ಬಂದಿಯೋ?" ಎಂದು ಓಣಿಯ ಗಂಡಸರು ಕಾಡುತ್ತಿದ್ದರು. ನಮ್ಮಲ್ಲಿ ಮಣ್ಣಿಗೆ ಹೋಗುವುದೆಂದರೆ ಸತ್ತವರ ಮನೆಗೆ ಹೋಗುವುದು.

"ಮೊದಲ ನಾ ಕುಣಿ ತೋಡಿದ್ರ ಆಮ್ಯಾಲ ನೀವು ತೋಡೂದು ತಪ್ಪತದ" ಎನ್ನುತ್ತಿದ್ದರು ಅವರು, ನಗದೆ.

ಎದುರು ಮನೆಯ ಮದುವೆಯಲ್ಲಿ ಅವರು ಕೆಲಸ ಮಾಡುವುದನ್ನು ನಾನು ಕಿಟಕಿಯಿಂದ ನೋಡಿದ್ದೆ. ಕೆಳಗೆ ಹಲಗೆ ಕೊಟ್ಟು ಬಂಡಿಯನ್ನು ಮಟ್ಟಸ ನಿಲ್ಲಿಸುವರು. ಹೊಗೆಯ ಕೊಳವೆ ಮನೆಗೆ ಬೆನ್ನು ಮಾಡಿರಬೇಕು. ಎಣ್ಣೆ ಮುಗಿದರೆ ಜನ ಎಷ್ಟೇ ಕೂಗಾಡಲಿ, ಎಂಜಿನ್ ಆರುವವರೆಗೆ ಬೀಡಿ ಕೂಡ ಹಚ್ಚದೆ ದೂರ ಕೂತಿದ್ದು ಆಮೇಲೆ ತುಂಬುವರು. ಮನೆಯ ಮೇನ್ ಸ್ವಿಚ್ ಇಳಿಸದೆ ತಂತಿ ಜೋಡಿಸುತ್ತಿರಲಿಲ್ಲ. "ನಾ ಇಲ್ಲಿ ಬಿಟ್ಟ ಕರೆಂಟ್ ಹಿಂದಕ ಹೋಗಿ ಕಂಬದ ಮ್ಯಾಲಿನ ಲೈನ್‌ಮನ್‌ಗ ಬಡೀತದ. ಅಂವನೂ ಯಾರದೋ ಮಗ" ಎಂದು ಮದುವೆಯ ಯಜಮಾನರಿಗೆ ಹೇಳಿದ್ದು ನನಗೆ ಕೇಳಿಸಿತ್ತು. ಇಷ್ಟೆಲ್ಲ ನೋಡಿದವಳು ನಾನು. ನೋಡಿರಲಿಲ್ಲ ಎನ್ನುವ ಹಾಗಿಲ್ಲ.

ನಮ್ಮ ಮನೆಯಲ್ಲಿ ನಾದಿನಿ ಗಂಗಾಳಿಗೆ ಏಳು ತಿಂಗಳು ತುಂಬಿ, ಕುಬಸದ, ಅಂದರೆ ಸೀಮಂತದ, ದಿನ ಗೊತ್ತಾಯಿತು. ಅತ್ತೆಯವರು ಮೊಣಕಾಲು ಒತ್ತಿಕೊಳ್ಳುತ್ತ, "ಈ ಸಲ ಎಲ್ಲಾ ನೀನ ನೋಡಕೊ ಶೈಲಾ. ನನ್ನ ಕಡಿಂದ ಆಗೂದಿಲ್ಲ" ಎಂದರು. ಐದು ವರ್ಷದಲ್ಲಿ ಮೊದಲ ಸಲ. ನಾನು ಆ ಹದಿನೈದು ದಿನ ಸರಿಯಾಗಿ ನಿದ್ದೆ ಮಾಡಲಿಲ್ಲ. ಕಲಬುರಗಿಯಿಂದ ನನ್ನ ಜೊತೆ ಓದಿದ ಮೂವರು ಗೆಳತಿಯರು ಬರುವವರಿದ್ದರು. ಅದಕ್ಕೆ ಒಂದು ತಿಂಗಳ ಹಿಂದೆಯಷ್ಟೇ, ನಾನೇ ಹಟಮಾಡಿ, ಮಣ್ಣಿನ ಅಂಗಳಕ್ಕೆ ಪೂರ್ತಿ ಪರ್ಸಿ ಕಲ್ಲು ಹಾಸಿಸಿದ್ದೆ. ಕಲ್ಲು ಕಲ್ಲಿನ ನಡುವಿನ ಸಿಮೆಂಟು ಇನ್ನೂ ಹಾಲಿನ ಬಣ್ಣದಲ್ಲಿತ್ತು. ಕಾರ್ಯದ ಬೆಳಿಗ್ಗೆ ಒರೆಸಿದಾಗ ಕಲ್ಲಿನಲ್ಲಿ ಶಾಮಿಯಾನದ ಕೆಂಪು ಹೂಗಳು ಕಂಡವು.

ಕುಬಸದ ದಿನ ಏಳಕ್ಕೆಲ್ಲ ಮಾಮು ಬಂದರು. ಗೇಟಿನಲ್ಲಿ ನಿಂತು ಅಂಗಳವನ್ನು ಈ ತುದಿಯಿಂದ ಆ ತುದಿಗೆ ನೋಡಿದರು.

"ಮಣ್ಣು ಎಲ್ಲದ ರಿ ಸಣ್ಣವ್ವಾರ?"

"ಮಣ್ಣಿಲ್ಲ ಮಾಮು, ಎಲ್ಲಾ ಕಲ್ಲು ಹಾಕಸೇವಿ" ಎಂದೆ. ಹೆಮ್ಮೆಯಿಂದಲೇ ಅಂದಿರಬೇಕು.

ಜನರೇಟರನ್ನು ಮನೆಯ ಪಕ್ಕದ ಸಂದಿಯಲ್ಲಿ, ಅಡುಗೆಮನೆಯ ಕಿಟಕಿಯ ಕೆಳಗೆ ಇಡಲಿ ಎಂಬುದು ನನ್ನ ಯೋಚನೆ. ಅಲ್ಲಿಟ್ಟರೆ ಕಣ್ಣಿಗೆ ಬೀಳುವುದಿಲ್ಲ, ಸದ್ದೂ ಕಡಿಮೆ. ಅವರು ಸಂದಿಗೆ ಹೋಗಿ ನೋಡಿ ಬಂದು ತಲೆ ಅಲ್ಲಾಡಿಸಿದರು.

"ಸಂದ್ಯಾಗ ಬ್ಯಾಡ್ರಿ. ಅಲ್ಲಿ ಹೊಗಿ ನಿಂತಕೊಂತದ. ಕಿಟಕ್ಯಾಗಿಂದ ಸೀದಾ ಒಳಗ. ಹೊಗಿ ವಾಸನಿ ಬರ್ತದ ಖರೆ, ಅದರಾಗಿನ ವಿಷದ ವಾಸನಿ ಬರೂದಿಲ್ಲ. ತಲಿ ನೋಯ್ತದಂತ ಮಲಗಿದಾಕಿ ಏಳೂದಿಲ್ಲ. ಬಸರ ಹೆಣಮಗಳು ಅದಾಳ ಮನ್ಯಾಗ."

ನಾನು ಒಪ್ಪಿದೆ. ಗೇಟಿನ ಹೊರಗೆ, ಬೇವಿನ ಗಿಡದ ನೆರಳಿನಲ್ಲಿ ಹಲಗೆ ಹಾಸಿ ಬಂಡಿ ನಿಲ್ಲಿಸಿದರು. ಆದರೆ ಹೊರಗೆ ರಸ್ತೆ ಸಿಮೆಂಟಿನದು, ಬೇವಿನ ಬುಡಕ್ಕೆ ಕಲ್ಲಿನ ಕಟ್ಟೆ. ಸರಳು ಹೊಡೆಯಲು ಜಾಗವಿಲ್ಲ. ಅವರು ಮತ್ತೆ ಒಳಗೆ ಬಂದು, ಗೇಟಿನ ಮಗ್ಗುಲಿನ ಒಂದು ಪರ್ಸಿಯನ್ನು ಕಾಲ ಹೆಬ್ಬೆರಳಿನಿಂದ ಮುಟ್ಟಿ ತೋರಿಸಿದರು.

"ಇದೊಂದ ಎಬ್ಬಿಸ್ತೀನ್ರಿ. ಸಂಜಿಗಿ ಹಂಗ ಕುಂದರಿಸಿ, ಸಿಮೆಂಟ್ ತುಂಬಿ ಹೋಗ್ತೀನಿ. ಗೊತ್ತೂ ಆಗೂದಿಲ್ಲ."

ಸರಿಯಾಗಿ ಅದೇ ಕಲ್ಲಿನ ಮೇಲೆ ನಾನು ರಂಗೋಲಿ ಹಾಕಿದ್ದೆ. ಮೂಲೆಯಲ್ಲಿ ಒಂದು ನವಿಲು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹಾಕಿದ್ದು. ಗೆಳತಿಯರು ಗೇಟು ದಾಟುತ್ತಲೇ ಮೊದಲು ಕಾಣುವುದು ಅದು. ಅಲ್ಲಿ ಒಂದು ಕುಣಿ, ಮಣ್ಣಿನ ಗುಡ್ಡೆ, ಇದ್ದಿಲಿನ ನೀರು ಹರಿದ ಕಪ್ಪು ಗೆರೆಗಳು... ಎಲ್ಲ ಕಣ್ಣ ಮುಂದೆ ಬಂತು.

ಆಗ ನನಗೆ ಕಾನ್ವೆಂಟಿನ ಪಾಠ ನೆನಪಾಯಿತು. ಸಿಸ್ಟರ್ ಬೋರ್ಡಿನ ಮೇಲೆ ಒಂದು ನೆಟ್ಟಗಿನ ಗೆರೆ ಎಳೆದು, ಅದರ ಕೆಳಗೆ ಮೂರು ಅಡ್ಡ ಗೆರೆ ಹಾಕುತ್ತಿದ್ದರು, ಒಂದಕ್ಕಿಂತ ಒಂದು ಚಿಕ್ಕದು. ಭೂಮಿಯ ಗುರುತು. ಕಬ್ಬಿಣದ ನೀರಿನ ಪೈಪು ನೆಲದೊಳಗೆ ಹೋಗಿರುವುದರಿಂದ ಅದಕ್ಕೂ ತಂತಿ ಕಟ್ಟಬಹುದೆಂದು ಹೇಳಿದ್ದರು. ಪರೀಕ್ಷೆಯಲ್ಲಿ ನಾನು ಅದನ್ನು ಬರೆದಿದ್ದೆ.

"ಮಾಮು, ಒಂದು ಮಾತು ನಿಮ್ಮದು ನಾ ಕೇಳಿದೆ. ಒಂದು ನನ್ನದು ನೀವು ಕೇಳ್ರಿ" ಎಂದು ನಕ್ಕೆ. "ಅಲ್ಲಿ ನಲ್ಲಿ ಅದಲ್ಲ, ಅದರ ಪೈಪಿಗಿ ಅರ್ಥಿಂಗ್ ಕಟ್ರಿ. ನಾವು ಸಾಲ್ಯಾಗ ಹಂಗ ಓದೇವಿ."

ಆ 'ಅರ್ಥಿಂಗ್' ಎಂಬ ಪದವನ್ನು ಸಿಸ್ಟರ್ ಕಲಿಸಿದ ಹಾಗೆ, ನಾಲಿಗೆಯನ್ನು ಹಲ್ಲಿಗೆ ತಾಗಿಸಿ ಹೇಳಿದೆ. ಅದೂ ನೆನಪಿದೆ ನನಗೆ.

ಅಂಗಳದ ಇನ್ನೊಂದು ಮೂಲೆಯಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನಲ್ಲಿ ಇತ್ತು. ಮೊಣಕಾಲೆತ್ತರದ ಹಳೆಯ ಕಬ್ಬಿಣದ ಪೈಪು. ಮಾಮು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ಕೆಳಗೂ ಕಬ್ಬಣದ್ದ ಏನ್ರಿ ಪೈಪು?"

"ಹೌದು ಮಾಮು. ಹಳೇದು, ಕಬ್ಬಣದ್ದ."

"ಓದಿದವರು ನೀವು. ಇರಲಿ" ಎಂದರು. ಆ ಮಾತಿನಲ್ಲಿ ಕೊಂಕಿರಲಿಲ್ಲ. ಬ್ಲೇಡಿನಿಂದ ಪೈಪಿನ ಬಣ್ಣ ಕೆರೆದು, ಹೊಳಪು ಬರುವವರೆಗೆ ತಿಕ್ಕಿ, ತಂತಿಯನ್ನು ಸುತ್ತಿ ಪಟ್ಟಿ ಬಿಗಿದರು. ಇದ್ದಿಲಿನ ಚೀಲ ಅಂದು ಬಾಯಿ ಬಿಚ್ಚದೆ ಗೋಡೆಗೆ ಒರಗಿಯೇ ಇತ್ತು.

ಕಾರ್ಯ ಹತ್ತಕ್ಕೆ ಶುರುವಾಯಿತು. ಶಾಮಿಯಾನದ ಕೆಳಗೆ ಗಂಗಾ ಹಸಿರು ಸೀರೆ ಉಟ್ಟು, ಮಲ್ಲಿಗೆ ದಂಡೆ ಹಾಕಿಸಿಕೊಂಡು ಮಣೆಯ ಮೇಲೆ ಕೂತಿದ್ದಳು. ನಮ್ಮ ಮನೆಯ ದೊಡ್ಡ ಕೂಲರು ಅವಳ ಕಡೆ ಮುಖ ಮಾಡಿ ಗುಂಯ್‌ಗುಡುತ್ತಿತ್ತು. ಹೊರಗೆ ಜನರೇಟರಿನ ಪಕ್ಕ ಮಾಮು ಒಂದು ತಗಡಿನ ಕುರ್ಚಿಯಲ್ಲಿ. ಗೆಳತಿಯರು ರಂಗೋಲಿಯ ಪಕ್ಕ ಕೂತು ಫೋಟೋ ತೆಗೆಸಿಕೊಂಡರು. "ಎಷ್ಟು ನೀಟಾಗಿ ಇಟ್ಟಿದ್ದೀಯೇ ಮನೆನಾ" ಎಂದರು. ಹನ್ನೊಂದೂವರೆಗೆ ಇನ್ನೆರಡು ಜಮಖಾನೆ ಬೇಕೆಂದು ನಾನು ಮಾಳಿಗೆಗೆ ಹೋದೆ.

ಇದುವರೆಗೆ ಯಾರ ಮುಂದೆಯೂ ಆಡದ ಮಾತು ಈಗ ಬರುತ್ತದೆ.

ಮಾಳಿಗೆಯಲ್ಲಿ ಅತ್ತೆಯವರು ಸಂಡಿಗೆ ಒಣಹಾಕಿದ್ದರು. ಬಟ್ಟೆ ಹಾರದಿರಲೆಂದು ಅದರ ಅಂಚಿಗೆ ಉದ್ದದ ಒಂದು ಪೈಪು ಹೇರಿದ್ದರು. ಕರಿಯ ಪ್ಲಾಸ್ಟಿಕ್ ಪೈಪು. ಅದು ಎಲ್ಲಿಯದೆಂದು ನನಗೆ ಥಟ್ಟನೆ ಹೊಳೆಯಿತು. ಸಂಕ್ರಾಂತಿಯ ಹೊತ್ತಿಗೆ ಹಳೆಯ ಪೈಪು ತುಕ್ಕು ಹಿಡಿದು ಒಡೆದು, ರಸ್ತೆಯಿಂದ ನಲ್ಲಿಯವರೆಗೆ ನೆಲದೊಳಗಿನದೆಲ್ಲ ತೆಗೆದು ಪ್ಲಾಸ್ಟಿಕ್ ಹಾಕಿದ್ದರು. ಮೇಲಿನ ಮೊಣಕಾಲೆತ್ತರದ ತುಂಡು ಮಾತ್ರ ಗಟ್ಟಿ ಇದೆಯೆಂದು ಹಾಗೇ ಬಿಟ್ಟಿದ್ದರು. ಆ ಕೆಲಸದವರಿಗೆ ಎರಡು ದಿನ ಚಹಾ ಕೊಟ್ಟವಳು ನಾನು. ಉಳಿದ ತುಂಡನ್ನು "ಮಾಳಗಿ ಮ್ಯಾಲ ಒಗೀರಿ, ಯಾತಕ್ಕರೆ ಬರ್ತದ" ಎಂದವಳೂ ನಾನೇ.

ಅಂದರೆ ಕೆಳಗೆ ಕಟ್ಟಿದ ತಂತಿ ಭೂಮಿಯನ್ನು ಮುಟ್ಟಿರಲಿಲ್ಲ. ಸಿಸ್ಟರ್ ಬರೆದ ಆ ಮೂರು ಗೆರೆಗಳೇ ನಮ್ಮ ಅಂಗಳದಲ್ಲಿ ಇರಲಿಲ್ಲ.

ನಾನು ಮೆಟ್ಟಿಲಿನವರೆಗೆ ಬೇಗ ಬೇಗ ಬಂದೆ. ಕೆಳಗಿನಿಂದ ಯಾರೋ, "ಆರತಿಗಿ ನಿಂತಾರ, ಎಲ್ಲಿ ಹೋದ್ರಿ ವೈನಿ?" ಎಂದು ಕೂಗಿದರು. ಈಗ ಹೇಳಿದರೆ ಜನರೇಟರ್ ನಿಲ್ಲಿಸಬೇಕು, ಕಲ್ಲು ಎಬ್ಬಿಸಬೇಕು, ಎಲ್ಲರೂ ಯಾಕೆ ಎಂದು ಕೇಳುತ್ತಾರೆ, ನಾನು ತಪ್ಪು ಹೇಳಿದ್ದೆ ಎಂದು ಹೇಳಬೇಕು. ಬೆಳಿಗ್ಗೆಯಿಂದ ಏನೂ ಆಗಿಲ್ಲವಲ್ಲ, ಆರತಿ ಮುಗಿಯಲಿ ಎಂದುಕೊಂಡೆ. ಜಮಖಾನೆ ಹಾಸಿ, ಆರತಿ ತಟ್ಟೆ ಹಿಡಿದೆ.

ಹನ್ನೊಂದು ಜನ ಮುತ್ತೈದೆಯರು. ಏಳನೆಯವರ ಹೊತ್ತಿಗೆ ಗಂಗಾ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, "ಭಾಳ ಕುದಿ ಆಗ್ತದ ವೈನಿ" ಎಂದಳು. ಯಾರೋ ಕೂಲರನ್ನು ಎರಡು ಮೊಳ ಮುಂದಕ್ಕೆ ಎಳೆದರು. ಒಳಗಿನ ಹಳೆಯ ತಂತಿ ಆಗಲೇ ಎಳೆದು ಹರಿದು ಅದರ ತಗಡಿಗೆ ತಾಗಿರಬೇಕೆಂದು ಆಮೇಲೆ ವೈರ್‌ಮನ್ ಹೇಳಿದ. ತಗಡಿನಿಂದ ಅರ್ಥಿಂಗ್ ತಂತಿಗೆ, ಆ ತಂತಿಯಿಂದ ನಲ್ಲಿಗೆ. ನೆಲಕ್ಕೆ ಇಳಿದು ಹೋಗಬೇಕಾದ ಕರೆಂಟು ಇಳಿಯಲು ದಾರಿ ಸಿಗದೆ ನಲ್ಲಿಯಲ್ಲಿ ನಿಂತಿತು.

ನಮ್ಮ ಮನೆಗೆ ರೊಟ್ಟಿ ಬಡಿಯಲು, ಪಾತ್ರೆ ತೊಳೆಯಲು ಬರುತ್ತಿದ್ದ ಶಾಂತವ್ವ ಕೊಡ ತುಂಬಲು ನಲ್ಲಿಗೆ ಕೈ ಹಾಕಿದ್ದಳು.

ಕೊಡ ಕಲ್ಲಿನ ಮೇಲೆ ಬಿದ್ದ ಸದ್ದಿಗೆ ನಾನು ತಿರುಗಿದೆ. ಅವಳು ಕೂಗಲಿಲ್ಲ. ನಲ್ಲಿಯನ್ನು ಹಿಡಿದು ಬಾಗಿ ನಿಂತಿದ್ದಳು, ಅಷ್ಟೆ. ಏನನ್ನೋ ನೆನಪಿಸಿಕೊಳ್ಳುತ್ತಿರುವವಳ ಹಾಗೆ. ಅವಳ ಕೈಯ ಗಾಜಿನ ಬಳೆಗಳು ಮಾತ್ರ ಒಂದಕ್ಕೊಂದು ತಾಗಿ ಸಣ್ಣಗೆ ಕಿಣಿಗುಡುತ್ತಿದ್ದವು. ಎಲ್ಲರಿಗಿಂತ ಹತ್ತಿರ ಇದ್ದವಳು ಗಂಗಾ. "ಶಾಂತವ್ವಾ" ಎಂದು ಮಣೆಯಿಂದ ಎದ್ದು ಅವಳ ತೋಳಿಗೆ ಕೈ ಚಾಚಿದ್ದಳು.

"ಮುಟ್ಟಬ್ಯಾಡ್ರಿ. ಯಾರೂ ಮುಟ್ಟಬ್ಯಾಡ್ರಿ" ಎಂದು ಗೇಟಿನಾಚೆಯಿಂದ ಮಾಮುವಿನ ಧ್ವನಿ ಬಂತು. ಗಂಗಾಳ ಕೈ ಗಾಳಿಯಲ್ಲೇ ನಿಂತಿತು. ಮರುಕ್ಷಣ ಜನರೇಟರ್ ಸತ್ತಿತು, ಕೂಲರು ಉಸಿರು ಬಿಟ್ಟು ನಿಧಾನವಾಯಿತು. ಶಾಂತವ್ವ ನಲ್ಲಿಯಿಂದ ಬಿಡಿಸಿಕೊಂಡು ಒಗೆಯುವ ಕಲ್ಲಿನ ಮೇಲೆ ಬಿದ್ದಳು. ಬಲಗೈ ಮಣಿಕಟ್ಟು ಕೆಳಗಾಗಿ.

ಜೀವಕ್ಕೆ ಏನೂ ಆಗಲಿಲ್ಲ. ಅಂಗೈ ಸುಟ್ಟಿತ್ತು, ಮಣಿಕಟ್ಟಿನ ಎಲುಬು ಮುರಿದಿತ್ತು. ಆಟೋದಲ್ಲಿ ಆಸ್ಪತ್ರೆಗೆ ಕಳಿಸಿ ಆದ ಮೇಲೆ ಯಾರೋ ಪಕ್ಕದ ಓಣಿಯ ವೈರ್‌ಮನ್‌ನನ್ನು ಕರೆತಂದರು. ಅವನು ನಲ್ಲಿಯ ಬುಡದಲ್ಲಿ ಹಾರೆ ಹಾಕಿ ಎರಡು ಪರ್ಸಿ ಎಬ್ಬಿಸಿದ. ಎರಡೂ ಒಡೆದವು. ಒಂದನ್ನು ಉಳಿಸಿಕೊಳ್ಳಲು ಹೋಗಿದ್ದೆ ನಾನು.

"ನೋಡ್ರಿ ಇಲ್ಲಿ, ಕೆಳಗೆಲ್ಲಾ ಪ್ಲಾಸ್ಟಿಕ್. ಇದಕ್ಕ ಅರ್ಥ್ ಕಟ್ಟ್ಯಾನ. ತಲಿ ಅದ ಏನು ಇವನಿಗಿ?"

ನನ್ನ ಯಜಮಾನರು ಮಾಮುವಿನ ಕಡೆ ತಿರುಗಿದರು. ಯಾವಾಗಲೂ 'ನೀವು' ಎನ್ನುತ್ತಿದ್ದವರು ಅಂದು ಏಕವಚನಕ್ಕೆ ಇಳಿದರು.

"ನಲ್ಲಿಗಿ ಕಟ್ಟಂತ ಯಾರು ಹೇಳಿದ್ರು ನಿನಗ?"

ಅಂಗಳದಲ್ಲಿ ನಲವತ್ತು ಜನರಾದರೂ ಇದ್ದೆವು. ಮಾಮು ನನ್ನ ಕಡೆ ನೋಡಿದರು. ಒಂದೇ ಸಲ. ದೂರುವ ನೋಟವಾಗಿರಲಿಲ್ಲ, ಬಾಗಿಲು ತಟ್ಟಿ ಹೊರಗೆ ನಿಂತವರು ಒಳಗಿನಿಂದ ಯಾರಾದರೂ ಬರುತ್ತಾರೇನೋ ಎಂದು ಕಾಯುವಂಥದು. ನಾನು ಸೆರಗಿನ ತುದಿಯನ್ನು ಮಡಚುತ್ತಿದ್ದೆ. ಒಂದು ಮಡಿಕೆ, ಇನ್ನೊಂದು ಮಡಿಕೆ. ಗೇಟಿನ ಹತ್ತಿರ ನನ್ನ ಗೆಳತಿಯರು ನಿಂತಿದ್ದರು. ಅತ್ತೆಯವರು ಗಂಗಾಳ ಬೆನ್ನು ಸವರುತ್ತಿದ್ದರು. ಮಡಚಲು ಸೆರಗು ಉಳಿಯಲಿಲ್ಲ.

"ಕಟ್ಟಿದ ಕೈ ನಂದರಿ" ಎಂದರು ಮಾಮು. "ಕೆಳಗ ನೋಡಬೇಕಾಗಿತ್ತು. ನೋಡ್ಲಿಲ್ಲ."

"ಮಂದಿ ದೀಪಕ್ಕ ಕರೆಂಟ್ ಬಿಡ್ತಾರ, ನಮ್ಮ ಮಾಮು ನಲ್ಲಿಗಿ ಬಿಡ್ತಾನ" ಎಂದು ಹಿಂದಿನಿಂದ ಯಾರೋ ಅಂದರು. ಹೆದರಿದ ಜನ ಹೆದರಿಕೆ ಇಳಿಯುವಾಗ ಹೇಗೆ ನಗುತ್ತಾರೋ ಹಾಗೆ ನಾಲ್ಕಾರು ಮಂದಿ ನಕ್ಕರು. ಆ ಹೆಸರು ಹುಟ್ಟಿದ್ದು ಅಲ್ಲಿ, ನನ್ನ ಹೊಸ ಅಂಗಳದಲ್ಲಿ. ಗಂಗಾಳ ಕೈ ತಡೆದವರು ಯಾರು, ಎಂಜಿನ್ ನಿಲ್ಲಿಸಿದವರು ಯಾರು ಎಂಬುದನ್ನು ಅಂದು ಯಾರೂ ಎತ್ತಲಿಲ್ಲ. ಮಾಮು ತಂತಿ ಸುತ್ತಿಕೊಂಡು, ಬಿಚ್ಚದ ಚೀಲವನ್ನು ಬಂಡಿಗೆ ಹಾಕಿಕೊಂಡು ಹೋದರು.

ಎಂಟು ದಿನಕ್ಕೆ ಮಳೆ ಹಿಡಿಯಿತು. ಆ ಮಳೆಗಾಲವೆಲ್ಲ ನಾನು ಶಾಂತವ್ವನ ಸೇವೆ ಮಾಡಿದೆ. ದಿನಾ ಬೆಳಿಗ್ಗೆ ಕೊಡೆ ಹಿಡಿದು ಅವಳ ಮನೆಗೆ ಹೋಗಿ ತಲೆ ಬಾಚುತ್ತಿದ್ದೆ. ಅವಳ ಪಾಲಿನ ಪಾತ್ರೆಗಳನ್ನು ನಮ್ಮ ಮನೆಯಲ್ಲಿ ನಾನೇ ತೊಳೆದೆ. ರೊಟ್ಟಿ ಬಡಿಯಲು ಕಲಿತೆ, ನನ್ನವು ಮೂಲೆ ಮೂಲೆಯಾಗಿ ಹರಿಯುತ್ತಿದ್ದವು. ಅವಳಿಗೆ ಸಂಕೋಚ.

"ನೀವ್ಯಾಕ ಇಷ್ಟ ಮಾಡ್ತೀರಿ ಅವ್ವಾರ? ಮಾಡಿದಾಂವ ಬ್ಯಾರೆ, ತೀರಸಾಕತ್ತಾಕಿ ಬ್ಯಾರೆ. ಮೊನ್ನಿ ಆ ನಲ್ಲಿ ಸಾಬ ಬಂದಿದ್ದ, ಬಾಳಿಹಣ್ಣು ತಗೊಂಡು. ಹೊಸ್ತಿಲ ದಾಟಗೊಡಲಿಲ್ಲ ನಾ."

ನನ್ನ ಕೈಯಲ್ಲಿ ಅವಳ ಜಡೆ ಇತ್ತು. ಮೂರು ಎಳೆ. ಹೆಣೆಯುತ್ತಲೇ ಹೋದೆ. ತುದಿಗೆ ಬಂದ ಮೇಲೆ ಬಿಚ್ಚಿ, "ಸರಿ ಬರಲಿಲ್ಲ" ಎಂದು ಮತ್ತೆ ಹೆಣೆದೆ.

ಶಾಂತವ್ವನಿಗೆ ಬೇಕಾದದ್ದನ್ನು ಕೈಯಿಂದ ಮಾಡಬಹುದಿತ್ತು. ಮಾಮುವಿಗೆ ಬೇಕಾದದ್ದು ಒಂದು ಮಾತು. ಕೈ ಎಷ್ಟು ಸವೆದರೂ ಅದು ಮಾತಾಗುವುದಿಲ್ಲ.

ಓಣಿಯ ಮಕ್ಕಳು ಮೊದಲು 'ನಲ್ಲಿ ಮಾಮು' ಎಂದು ಕರೆದರು, ಆಮೇಲೆ ದೊಡ್ಡವರು. ಶ್ರಾವಣದ ಕಾರ್ಯಗಳಿಗೆ ಜನ ಸುರಪುರದಿಂದ ಜನರೇಟರ್ ತರಿಸಿಕೊಂಡರು. ಮಾಮುವಿನದು ಅವರ ಮನೆಯ ಮುಂದೆ ತಾಡಪತ್ರಿ ಹೊದ್ದು ನಿಂತಿರುತ್ತಿತ್ತು, ಅದರ ಮೇಲೆ ಕೋಳಿಗಳು. ಅದನ್ನು ನೋಡಬಾರದೆಂದು ನಾನು ತರಕಾರಿಗೆ ಸುತ್ತು ಹಾಕಿಕೊಂಡು ಹೋಗತೊಡಗಿದೆ. ದೀಪಾವಳಿಯ ಹೊತ್ತಿಗೆ ಅದೂ ಇರಲಿಲ್ಲ. ಮಾರಿ, ಮನೆಮಂದಿ ಸಮೇತ ಹುಣಸಗಿಗೆ ಹೋದರೆಂದು ಯಜಮಾನರು ಊಟ ಮಾಡುತ್ತ ಹೇಳಿದರು. "ಚಲೋ ಆತು ಬಿಡು. ಇಲ್ಲಿ ಯಾರು ಕರೀತಿದ್ರು ಅವನಿಗಿ?" ನಾನು ಅವರಿಗೆ ಇನ್ನೊಂದು ರೊಟ್ಟಿ ಬಡಿಸಿದೆ.

ಅದಾಗಿ ಹನ್ನೆರಡು ವರ್ಷ.

ಹೋದ ತಿಂಗಳು ಹುಣಸಗಿಯಲ್ಲಿ, ಆ ದಿನ ಊಟವಾದ ಮೇಲೆ, ಬಳೆ ತರುತ್ತೇನೆಂದು ಹೇಳಿ ನಾನೊಬ್ಬಳೇ ಹೊರಟೆ. ಬಸ್‌ಸ್ಟ್ಯಾಂಡಿನ ಹಿಂದೆ, ಗೊಬ್ಬರದ ಅಂಗಡಿಯ ಮಗ್ಗುಲಲ್ಲಿ ಅವರ ಅಂಗಡಿ. ವಾರ್ನಿಶ್ ವಾಸನೆ, ಗೋಡೆಯ ತುಂಬ ತಾಮ್ರದ ತಂತಿಯ ಸುರುಳಿಗಳು. ಕೂದಲೆಲ್ಲ ಬೆಳ್ಳಗಾಗಿತ್ತು. ಕನ್ನಡಕ ಹಣೆಗೆ ಏರಿಸಿ ನನ್ನನ್ನು ನೋಡಿದರು.

"ಶಹಾಪುರದ ಸಣ್ಣವ್ವಾರ ಅಲ್ಲೇನ್ರಿ? ಬರ್ರಿ, ಬರ್ರಿ."

ಸ್ಟೂಲನ್ನು ತಮ್ಮ ಹೆಗಲ ಮೇಲಿನ ಬಟ್ಟೆಯಿಂದ ಒರೆಸಿದರು. ಎದುರಿನ ಹೋಟೆಲಿಗೆ ಕೈ ಮಾಡಿ ಚಹಾ ತರಿಸಿದರು. ಆಗಲೇ ಅಲ್ಲಿ ಕಕ್ಕೇರಾದ ಕಡೆಯ ಒಬ್ಬ ರೈತ, ಸುಟ್ಟ ಪಂಪ್‌ಸೆಟ್ ಮೋಟರನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡು ಕೂತಿದ್ದ. ಚಹಾ ಬಂದ ಮೇಲೆ ಮಾಮು ಕೇಳಿದರು.

"ಗಂಗವ್ವಾರಿಗಿ ಏನಾತ್ರಿ? ಗಂಡೋ, ಹೆಣ್ಣೋ?"

ಹನ್ನೆರಡು ವರ್ಷ ಅವರಿಗೆ ಅದು ಗೊತ್ತಿರಲಿಲ್ಲ. ಶಹಾಪುರದಲ್ಲಿದ್ದಾಗಲೂ ಹೇಳುವವರು ಯಾರೂ ಇರಲಿಲ್ಲ.

"ಹೆಣ್ಣು ಮಾಮು. ಆರನೇತ್ತ ಓದಾಕತ್ತಾಳ."

"ಶಾಂತವ್ವ? ರೊಟ್ಟಿ ಬಡೀತಾಳೇನು?"

"ಬಡೀತಾಳ. ಮಳಿ ಬಂದಾಗ ಜರಾ ನೋಯ್ತದಂತ."

"ಅಲ್ಲಾನ ದಯಾ" ಎಂದು ತಮ್ಮಷ್ಟಕ್ಕೆ ಅಂದರು.

ನಾನು ಗಟ್ಟಿಯಾಗಿ, ಆ ರೈತನಿಗೂ ಕೇಳುವ ಹಾಗೆ ಹೇಳಿದೆ. "ಮಾಮು, ಅವತ್ತು ನಲ್ಲಿಗಿ ಕಟ್ಟ್ರಿ ಅಂದಾಕಿ ನಾನು. ಕಬ್ಬಣದ್ದ ಅದ ಅಂದಾಕಿನೂ ನಾನು. ಎಲ್ಲಾರ ಮುಂದ ಹೇಳಬೇಕಾಗಿತ್ತು. ಹೇಳಲಿಲ್ಲ."

ರೈತ ತಲೆ ಎತ್ತಿ ನನ್ನನ್ನೂ ಮಾಮುವನ್ನೂ ನೋಡಿದ. ಮಾಮು ಸುರುಳಿಯಿಂದ ತಂತಿ ಎಳೆಯುತ್ತಲೇ ಇದ್ದರು.

"ನೆನಪದರಿ. ಕೆಳಗೂ ಕಬ್ಬಣದ್ದೇನು ಅಂತ ನಾ ಕೇಳೀನಿ, ನೀವು ಹೌದಂದ್ರಿ. ಆದ್ರೂ ಕೆಳಗ ನೋಡೂದು ನನ್ನ ಕೆಲಸ. ಅದರ ಪಾಪ ನಂದ. ನಿಮ್ಮ ಮಾತಿಂದು ನಿಮ್ದು." ತಂತಿಯನ್ನು ಹಲ್ಲಿನಿಂದ ಕತ್ತರಿಸಿದರು. "ಅವತ್ತ ಹೇಳಿದ್ರ ಒಂದ ಮಾತಾಗ್ತಿತ್ತು. ಈಗ ಚಾ ಕುಡೀರಿ, ಆರ್ತದ."

"ಹಂಗಾದ್ರ ನೀ ನಲ್ಲಿ ರಿಪೇರಿ ಮಾಡ್ತಿದ್ದಿಲ್ಲೇನು?" ಎಂದ ರೈತ.

"ಇಲ್ಲೋ."

"ಮತ್ತ ಇಷ್ಟ ವರ್ಷ ಯಾಕ ಹೇಳಿಲ್ಲ?"

"ನೀ ಕೇಳಿದ್ದಿ ಏನು?"

ಮಾಳಿಗೆಯ ಮೇಲಿನ ಕರಿಯ ಪೈಪಿನ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಮರೆತು ಹೇಳಿದ್ದು ಒಂದು. ನೆನಪಾದ ಮೇಲೂ ಆರತಿ ಮುಗಿಯಲಿ ಎಂದು ನಿಂತದ್ದು ಇನ್ನೊಂದು. ಅದನ್ನು ಹೇಳಲೆಂದೇ ಅಷ್ಟು ದೂರ ನಡೆದು ಬಂದಿದ್ದೆ. ಅವರು ನನ್ನ ಲೋಟ ಖಾಲಿಯಾಗುವುದನ್ನೇ ಕಾಯುತ್ತಿರುವ ಹಾಗೆ ಕಂಡಿತು. ಇಲ್ಲ, ಹಾಗೆ ಕಂಡಿತೆಂದು ನಾನು ನೆವ ಮಾಡಿಕೊಂಡೆ. ತಣ್ಣಗಾಗಿದ್ದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಎದ್ದೆ.

ರೈತನೂ ಎದ್ದ. ಮೋಟರನ್ನು ಕಾಲಿನಿಂದ ಗೋಡೆಯ ಕಡೆಗೆ ಸರಿಸಿ, ಟವೆಲ್ ಹೆಗಲಿಗೆ ಹಾಕಿಕೊಂಡ.

"ಹಂಗಾದ್ರ ಸಂಜಿಗಿ ಬರ್ತೀನಿ, ನಲ್ಲಿ ಮಾಮು. ತಯಾರ ಇಡು."

"ಬಾ" ಎಂದರು ಮಾಮು, ತಂತಿಯಿಂದ ಕಣ್ಣೆತ್ತದೆ.